ನಿಯಂತ್ರಣ ಸ್ಯಾಂಡ್‌ಬಾಕ್ಸ್: ಸರ್ಕಾರಗಳು ಕಾನೂನನ್ನು ಪರೀಕ್ಷಿಸುವ ಬಗೆ

ಹೊಸ ವಸ್ತು, ಸೇವೆ ಅಥವಾ ವ್ಯವಹಾರದ ಕ್ರಮವೊಂದು ಜಾರಿಯಲ್ಲಿರುವ ಕಾನೂನಿಗೆ ಹೊಂದದಿದ್ದಾಗ ಸರ್ಕಾರ ಅದನ್ನು ನಿಷೇಧಿಸಬಹುದು, ಕಂಡೂ ಕಾಣದಂತೆ ಇರಬಹುದು. ಮೂರನೆಯ ದಾರಿಯೂ ಒಂದಿದೆ. ಕೆಲವೇ ಬಳಕೆದಾರರ ನಡುವೆ, ಗೊತ್ತುಪಡಿಸಿದ ಜಾಗ ಮತ್ತು ಅವಧಿಯಲ್ಲಿ, ಕೆಲವು ನಿಯಮಗಳನ್ನು ಸಡಿಲಿಸಿ, ನಿಯಂತ್ರಕರ ಕಣ್ಗಾವಲಿನಲ್ಲಿ ಅದನ್ನು ನಡೆಸಿನೋಡಲು ಬಿಡುವುದು. ಈ ಏರ್ಪಾಡಿಗೆ ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್ ಎಂಬ ಹೆಸರು ನಿಂತಿದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಎರಡು: ವಸ್ತು ಮತ್ತು ನಿಯಮ. ಕಂಪನಿಗೆ ಮೊದಲನೆಯದು ಮುಖ್ಯ. ಸರ್ಕಾರಕ್ಕೆ ಎರಡನೆಯದು ಮುಖ್ಯವಾಗಬೇಕು. ಯಾವ ನಿಯಮ ನಿಜಕ್ಕೂ ಜನರನ್ನು ಕಾಯುತ್ತಿದೆ, ಯಾವುದು ರೂಢಿಯಿಂದಷ್ಟೇ ಉಳಿದುಕೊಂಡಿದೆ ಎಂಬುದು ಅದಕ್ಕೆ ಗೊತ್ತಾಗಬೇಕು. ಬಹಳಷ್ಟು ಸ್ಯಾಂಡ್‌ಬಾಕ್ಸ್‌ಗಳ ಪ್ರಚಾರದಲ್ಲಿ ಈ ಎರಡನೆಯ ಅರ್ಧ ಕಾಣೆಯಾಗಿರುತ್ತದೆ.

ಭಾರತದಲ್ಲಿ ಇದರ ಪ್ರಮುಖ ನಿದರ್ಶನಗಳು ರಿಸರ್ವ್ ಬ್ಯಾಂಕಿನ ಪಾವತಿ ಪ್ರಯೋಗಗಳು, ಡ್ರೋನ್ ಹಾರಾಟದ ಪ್ರಯೋಗಗಳು ಮತ್ತು ಕರ್ನಾಟಕದ 2020ರ ಕಾಯ್ದೆ. ಈ ಲೇಖನ ಇವುಗಳ ಜೊತೆಗೆ ಶಿವಮೊಗ್ಗ ಮತ್ತು ಭದ್ರಾವತಿಯ ಸೀಮೆಯನ್ನೂ ಗಮನಿಸುತ್ತದೆ. ಸರ್ಕಾರ ಪ್ರಯೋಗಕ್ಕೆ ಇಳಿದ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಅಲ್ಲಿದೆ. ಸ್ಯಾಂಡ್‌ಬಾಕ್ಸ್‌ಗೆ ಹೇಳಿಮಾಡಿಸಿದಂಥ ತೊಡಕೊಂದು ಅಲ್ಲಿನ ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ.

ಸ್ವರೂಪ

ಸ್ಯಾಂಡ್‌ಬಾಕ್ಸ್ ಎಂದರೆ ನಿಯಮವೇ ಇಲ್ಲದ ಜಾಗವಲ್ಲ. ಕೆಲವು ನಿಯಮಗಳು ಸಡಿಲಗೊಳ್ಳುತ್ತವೆ, ಕೆಲವು ಯಾವ ಕಾರಣಕ್ಕೂ ಸಡಿಲಗೊಳ್ಳುವುದಿಲ್ಲ, ಹೊಸದಾಗಿ ಕೆಲವು ಸೇರಿಕೊಳ್ಳುತ್ತವೆ. ಅರ್ಜಿ, ಆಯ್ಕೆ, ಪರೀಕ್ಷೆಯ ವಿನ್ಯಾಸ, ಪರೀಕ್ಷೆ, ಮೌಲ್ಯಮಾಪನ, ನಿರ್ಗಮನ ಎಂಬುದು ಸಾಮಾನ್ಯ ಕ್ರಮ. ನಿರ್ಗಮನದ ವೇಳೆಗೆ ಮೂರರಲ್ಲಿ ಒಂದು ಆಗಬೇಕು: ವಸ್ತು ಈಗಿರುವ ಕಾನೂನಿಗೆ ಹೊಂದಿಕೊಂಡು ಮಾರುಕಟ್ಟೆಗೆ ಹೋಗಬೇಕು, ಇಲ್ಲವೇ ಕಾನೂನು ಬದಲಾಗಬೇಕು, ಇಲ್ಲವೇ ಪ್ರಯೋಗ ನಿಲ್ಲಬೇಕು. ಅವಧಿ ಮುಗಿದ ಮೇಲೂ ವಿನಾಯಿತಿ ವಿಸ್ತರಣೆಯ ಮೇಲೆ ವಿಸ್ತರಣೆ ಪಡೆಯುತ್ತ ಹೋದರೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ. ಆಯ್ದ ಕಂಪನಿಗಳಿಗೆ ಸಿಕ್ಕ ರಿಯಾಯಿತಿ ಆಗುತ್ತದೆ.

ಇದಕ್ಕೆ ಕಾನೂನಿನ ಆಧಾರ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಹಳೆಯದು. ಶಾಸನಸಭೆ ಮಾಡಿದ ಕಾನೂನನ್ನು ಆಳುವವನು ತನಗೆ ಬೇಕಾದವರ ಮಟ್ಟಿಗೆ ಅಮಾನತಿನಲ್ಲಿಡುವುದು ಅಪಾಯಕಾರಿ ಅಧಿಕಾರ. ಇಂಗ್ಲೆಂಡಿನ ಎರಡನೆಯ ಜೇಮ್ಸ್ ದೊರೆ ಅದನ್ನು ಚಲಾಯಿಸಿದ್ದ; ಅವನು ಪದಚ್ಯುತನಾದ ಮೇಲೆ ಬಂದ 1689ರ ಹಕ್ಕುಗಳ ಮಸೂದೆ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಕಾನೂನನ್ನು ಅಮಾನತುಗೊಳಿಸುವುದು ಅಕ್ರಮವೆಂದು ಸಾರಿತು. ಭಾರತದಲ್ಲಿ ಸಂವಿಧಾನದ 14ನೆಯ ವಿಧಿಯ ಸಮಾನತೆಯ ಹಕ್ಕು ಇದೇ ಪ್ರಶ್ನೆಯನ್ನು ಎತ್ತುತ್ತದೆ: ಒಬ್ಬನಿಗೆ ಸಿಕ್ಕ ವಿನಾಯಿತಿ ಅದೇ ಕೆಲಸ ಮಾಡುವ ಇನ್ನೊಬ್ಬನಿಗೆ ಏಕಿಲ್ಲ? ಆದ್ದರಿಂದ ಆಯ್ಕೆಯ ಮಾನದಂಡ ಮೊದಲೇ ಪ್ರಕಟವಾಗಿರಬೇಕು, ವಿನಾಯಿತಿ ಕೊಡುವ ಅಧಿಕಾರ ಶಾಸನದಿಂದಲೇ ಬಂದಿರಬೇಕು.

ಹುಟ್ಟು ಮತ್ತು ಹರಹು

ಹೆಸರು ಹುಟ್ಟುವ ಮೊದಲೇ ಕ್ರಮ ಇತ್ತು. 2007ರಲ್ಲಿ ಕೀನ್ಯಾದಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆ ಆರಂಭವಾದಾಗ ಅಂಥದಕ್ಕೆ ಅಲ್ಲಿ ಕಾನೂನೇ ಇರಲಿಲ್ಲ. ಅಲ್ಲಿನ ಕೇಂದ್ರ ಬ್ಯಾಂಕು ಆಕ್ಷೇಪವಿಲ್ಲವೆಂಬ ಪತ್ರ ಕೊಟ್ಟು, ಸೇವೆ ನಡೆಯುವುದನ್ನು ನೋಡುತ್ತ, ನಿಯಮಗಳನ್ನು ನಂತರ ಬರೆಯಿತು. ಹೆಸರಿನ ಸಮೇತ ವ್ಯವಸ್ಥೆಯನ್ನು ತಂದದ್ದು ಬ್ರಿಟನ್ನಿನ ಹಣಕಾಸು ನಡವಳಿಕೆ ಪ್ರಾಧಿಕಾರ. 2015ರ ನವೆಂಬರಿನಲ್ಲಿ ಅದು ಯೋಜನೆಯನ್ನು ಪ್ರಕಟಿಸಿ 2016ರ ಜೂನಿನಲ್ಲಿ ಬಾಗಿಲು ತೆರೆಯಿತು. ಮೊದಲ ತಂಡಕ್ಕೆ 69 ಅರ್ಜಿಗಳು ಬಂದು 24 ಆಯ್ಕೆಯಾದವು, 18 ಪರೀಕ್ಷೆಯ ಹಂತ ತಲುಪಿದವು. ಸಿಂಗಪುರದ ಹಣಕಾಸು ಪ್ರಾಧಿಕಾರ ಅದೇ ವರ್ಷ ಹಿಂಬಾಲಿಸಿತು.

ಹಣಕಾಸಿನಿಂದ ಹೊರಗೆ ಕಾಲಿಟ್ಟದ್ದರಲ್ಲಿ ಸಿಂಗಪುರದ 2017ರ ರಸ್ತೆ ಸಂಚಾರ ಕಾಯ್ದೆಯ ತಿದ್ದುಪಡಿ ಗಮನಾರ್ಹ. ಚಾಲಕರಿಲ್ಲದ ವಾಹನಗಳ ಪರೀಕ್ಷೆಗೆ ಅದು ಐದು ವರ್ಷಗಳ ಸಡಿಲ ವ್ಯವಸ್ಥೆ ಮಾಡಿಕೊಟ್ಟಿತು. ಜಪಾನ್ 2018ರಲ್ಲಿ, ದಕ್ಷಿಣ ಕೊರಿಯ 2019ರಲ್ಲಿ ಯಾವ ಕ್ಷೇತ್ರಕ್ಕೂ ಅನ್ವಯಿಸಬಹುದಾದ ಕಾನೂನು ಜಾರಿಗೆ ತಂದವು. ಕೊರಿಯದ ಮೊದಲ ಅನುಮತಿಗಳಲ್ಲಿ ಒಂದು ಸೋಲ್ ನಗರದ ಸಂಸತ್ ಭವನದ ಆವರಣದಲ್ಲೇ ಹೈಡ್ರೋಜನ್ ತುಂಬಿಸುವ ಕೇಂದ್ರಕ್ಕೆ ಸಿಕ್ಕಿತು. ಅಪಾಯವೆಂದು ಜನ ಹೆದರುವ ವಸ್ತುವನ್ನು ಶಾಸಕರು ತಮ್ಮ ಅಂಗಳದಲ್ಲೇ ಇಟ್ಟುಕೊಂಡ ಉದಾಹರಣೆ ಅಪರೂಪದ್ದು. ಯುರೋಪ್ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆ ಪ್ರತಿ ಸದಸ್ಯ ರಾಷ್ಟ್ರವೂ ಕನಿಷ್ಠ ಒಂದು ಸ್ಯಾಂಡ್‌ಬಾಕ್ಸ್ ತೆರೆಯಬೇಕೆಂದು ವಿಧಿಸಿ, ಅದಕ್ಕೆ 2026ರ ಆಗಸ್ಟ್ 2ರ ಗಡುವು ಇಟ್ಟಿತು.

ರಿಸರ್ವ್ ಬ್ಯಾಂಕಿನ ಪ್ರಯೋಗ

ಭಾರತದಲ್ಲಿ ಮೊದಲ ದೊಡ್ಡ ಹೆಜ್ಜೆ ರಿಸರ್ವ್ ಬ್ಯಾಂಕಿನದು. 2016ರಲ್ಲಿ ರಚನೆಯಾದ ಕಾರ್ಯತಂಡದ ಶಿಫಾರಸಿನ ಮೇಲೆ 2019ರ ಆಗಸ್ಟ್ 13ರಂದು ಅದು ಚೌಕಟ್ಟನ್ನು ಹೊರಡಿಸಿತು. ಆಗ ಐದು ಹಂತಗಳಿಗೆ ಒಟ್ಟು 27 ವಾರ ಇತ್ತು. ಅದರಲ್ಲಿ ನಿಜವಾದ ಪರೀಕ್ಷೆಗೆ 12 ವಾರ. ಗ್ರಾಹಕರ ಗುರುತಿನ ಪರಿಶೀಲನೆ, ಮಾಹಿತಿಯ ಗೋಪ್ಯತೆ, ಅಕ್ರಮ ಹಣ ತಡೆಯ ನಿಯಮಗಳಿಗೆ ವಿನಾಯಿತಿ ಇರಲಿಲ್ಲ. ಕ್ರಿಪ್ಟೊಕರೆನ್ಸಿಯಂಥವನ್ನು ಪಟ್ಟಿ ಮಾಡಿ ಹೊರಗಿಟ್ಟಿದ್ದರು. ಅರ್ಜಿದಾರರ ಬಳಿ 25 ಲಕ್ಷ ರೂಪಾಯಿಯ ನಿವ್ವಳ ಆಸ್ತಿ ಇರಬೇಕೆಂಬ ಷರತ್ತು ಸಣ್ಣವರನ್ನು ಬಾಗಿಲಲ್ಲೇ ತಡೆಯುತ್ತಿತ್ತು. 2020ರ ಡಿಸೆಂಬರಿನಲ್ಲಿ ಅದನ್ನು 10 ಲಕ್ಷಕ್ಕೆ ಇಳಿಸಲಾಯಿತು.

ಮೊದಲ ತಂಡದ ವಿಷಯ ಚಿಲ್ಲರೆ ಪಾವತಿ. 32 ಅರ್ಜಿಗಳಲ್ಲಿ ಆರು ಪರೀಕ್ಷೆಗೆ ಆಯ್ಕೆಯಾದವು. ಬೆಂಗಳೂರಿನ ನಾಫಾ ಇನ್ನೋವೇಶನ್ಸ್ ಸಂಸ್ಥೆಯ ಟೋನ್‌ಟ್ಯಾಗ್, ಬೆಂಗಳೂರಿನದೇ ಉಬೋನ ಟೆಕ್ನಾಲಜೀಸ್ ಸಂಸ್ಥೆಯ ಭೀಮ್ ವಾಯ್ಸ್ ಅವುಗಳಲ್ಲಿದ್ದವು. ಸ್ಮಾರ್ಟ್‌ಫೋನ್ ಇಲ್ಲದವನು ಧ್ವನಿಯ ಮೂಲಕ ಹಣ ಕೊಡುವುದು, ಇಂಟರ್ನೆಟ್ ಸಿಗದ ಜಾಗದಲ್ಲಿ ಕಾರ್ಡ್ ಅಥವಾ ಸಿಮ್ ಮೂಲಕ ವ್ಯವಹಾರ ಮುಗಿಸುವುದು ಈ ತಂಡದ ಮುಖ್ಯ ಪ್ರಶ್ನೆಗಳು. ಹೊಸನಗರ, ತೀರ್ಥಹಳ್ಳಿ, ಶರಾವತಿ ಹಿನ್ನೀರಿನ ಊರುಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ಈ ಪ್ರಶ್ನೆಗಳ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಫಲಿತಾಂಶ ನಿಯಮವಾಗಿ ಬದಲಾದದ್ದು ಇಲ್ಲಿನ ವಿಶೇಷ. ಸ್ಯಾಂಡ್‌ಬಾಕ್ಸ್‌ನ ಜೊತೆಯಲ್ಲೇ 2020ರ ಆಗಸ್ಟಿನಲ್ಲಿ ಆಫ್‌ಲೈನ್ ಪಾವತಿಗೆ ಪ್ರತ್ಯೇಕ ಪ್ರಾಯೋಗಿಕ ಯೋಜನೆಯೂ ಆರಂಭವಾಗಿತ್ತು. 2022ರ ಜನವರಿ 3ರಂದು ರಿಸರ್ವ್ ಬ್ಯಾಂಕು ಆಫ್‌ಲೈನ್ ಪಾವತಿಯನ್ನು ದೇಶಕ್ಕೆಲ್ಲ ಅನ್ವಯಿಸುವ ನಿಯಮವಾಗಿ ತಂದಿತು: ಒಂದು ವ್ಯವಹಾರಕ್ಕೆ 200 ರೂಪಾಯಿ, ಮರುಪೂರಣ ಮಾಡುವವರೆಗೆ ಒಟ್ಟು 2,000 ರೂಪಾಯಿ. 2023ರ ಆಗಸ್ಟಿನಲ್ಲಿ 200ರ ಮಿತಿ 500ಕ್ಕೆ ಏರಿತು. 2024ರ ಡಿಸೆಂಬರಿನಲ್ಲಿ ಯುಪಿಐ ಲೈಟ್‌ಗೆ ಒಂದು ವ್ಯವಹಾರಕ್ಕೆ 1,000, ಒಟ್ಟು 5,000 ರೂಪಾಯಿಯ ಮಿತಿ ಬಂತು. ಈ ನಡುವೆ 2022ರ ಮಾರ್ಚ್ 8ರಂದು ಬಟನ್ ಫೋನುಗಳಿಗಾಗಿ ಯುಪಿಐ 123ಪೇ ಬಂದು, ಕರೆ ಮಾಡಿ, ಮಿಸ್ಡ್ ಕಾಲ್ ಕೊಟ್ಟು, ಅಥವಾ ಶಬ್ದತರಂಗದ ಮೂಲಕ ಪಾವತಿ ಮಾಡುವ ದಾರಿ ತೆರೆಯಿತು. ಚಿಕ್ಕ ಮೊತ್ತದಿಂದ ಆರಂಭಿಸಿ ನಷ್ಟದ ಅಂದಾಜು ಸಿಕ್ಕಿದಂತೆ ಮಿತಿಯನ್ನು ಏರಿಸುವ ಈ ಕ್ರಮ, ನನ್ನ ಮಟ್ಟಿಗೆ, ಭಾರತದಲ್ಲಿ ಸ್ಯಾಂಡ್‌ಬಾಕ್ಸ್ ಚಿಂತನೆ ಚೆನ್ನಾಗಿ ಕೆಲಸ ಮಾಡಿದ ನಿದರ್ಶನ. ಆಫ್‌ಲೈನ್ ಪಾವತಿಯಲ್ಲಿ ಪಿನ್ ಕೇಳದೆ ಹಣ ಹೋಗಲು ಬಿಡಬಹುದೇ ಎಂಬುದು ಕಾನೂನಿನ ಪ್ರಶ್ನೆಯಾಗಿತ್ತು. ಎಷ್ಟು ಹಣದವರೆಗೆ ಬಿಡಬಹುದು ಎಂಬ ಅಂಕಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು.

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ, ಷೇರುಪೇಟೆಯ ನಿಯಂತ್ರಕ ಸೆಬಿ 2020ರಲ್ಲಿ ತಮ್ಮ ತಮ್ಮ ಸ್ಯಾಂಡ್‌ಬಾಕ್ಸ್ ತಂದವು. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆಂದೇ ಒಂದು ಕಲಂ ಇಟ್ಟಿದೆ.

ಕರ್ನಾಟಕದ ಕಾಯ್ದೆ

ರಾಜ್ಯವೊಂದು ಇಂಥ ಅಧಿಕಾರವನ್ನು ಶಾಸನದ ಮೂಲಕ ಪಡೆದದ್ದಕ್ಕೆ ಭಾರತದಲ್ಲಿ ಮುಖ್ಯ ಉದಾಹರಣೆ 2020ರ ಕರ್ನಾಟಕ ನಾವೀನ್ಯತಾ ಪ್ರಾಧಿಕಾರ ಅಧಿನಿಯಮ. ಆಗ ಉಪಮುಖ್ಯಮಂತ್ರಿಯಾಗಿ ಐಟಿ-ಬಿಟಿ ಖಾತೆ ಹೊಂದಿದ್ದ ಸಿ. ಎನ್. ಅಶ್ವತ್ಥನಾರಾಯಣ ಅವರ ಅವಧಿಯಲ್ಲಿ ಇದು ಬಂತು. ಮುಖ್ಯಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರ ಹೊಸ ಉತ್ಪನ್ನ ಅಥವಾ ಸೇವೆಗೆ ಅಡ್ಡ ಬರುವ ರಾಜ್ಯ ಕಾನೂನಿನ ಅಂಶಗಳಿಂದ ನಿಗದಿತ ಅವಧಿಗೆ ವಿನಾಯಿತಿ ಕೊಡಬಹುದು ಎಂಬುದು ಅದರ ತಿರುಳು. ಹೊಸತಕ್ಕೆ ಹೊಂದದ ಹಳೆಯ ನಿಯಮವನ್ನು ತಿದ್ದಲು ಪ್ರತಿ ಸಲವೂ ವಿಧಾನಸಭೆಗೆ ಹೋಗಬೇಕಿಲ್ಲ, ಇಲಾಖೆಯ ಗುಮಾಸ್ತನ ಮರ್ಜಿಯನ್ನೂ ಕಾಯಬೇಕಿಲ್ಲ ಎಂಬುದು ಆಶಯ.

ಕಾಯ್ದೆಯ ಮಿತಿ ಅದರ ಬರವಣಿಗೆಯಲ್ಲಿ ಇಲ್ಲ, ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ಬ್ಯಾಂಕಿಂಗ್, ವಿಮಾನಯಾನ, ದೂರಸಂಪರ್ಕ ಕೇಂದ್ರದ ಪಟ್ಟಿಗೆ ಸೇರಿದವು. ಯಾಂತ್ರಿಕ ವಾಹನಗಳು ಸಮವರ್ತಿ ಪಟ್ಟಿಯಲ್ಲಿದ್ದು ಕೇಂದ್ರದ ಮೋಟಾರು ವಾಹನ ಕಾಯ್ದೆಯೇ ಮೇಲುಗೈ ಪಡೆಯುತ್ತದೆ. 2019ರ ತಿದ್ದುಪಡಿಯ ಮೂಲಕ ಆ ಕಾಯ್ದೆಗೆ ಸೇರಿದ 2ಬಿ ಕಲಂ ನಾವೀನ್ಯಕ್ಕಾಗಿ ವಾಹನಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೇ ಕೊಟ್ಟಿದೆ. ಹೀಗಾಗಿ ನವೋದ್ಯಮಗಳು ಹೆಚ್ಚು ತೊಡಕು ಅನುಭವಿಸುವ ಕ್ಷೇತ್ರಗಳಲ್ಲಿಯೇ ರಾಜ್ಯದ ಕೈ ಗಿಡ್ಡ.

ಬೈಕ್ ಟ್ಯಾಕ್ಸಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2021ರ ಜುಲೈಯಲ್ಲಿ ಕರ್ನಾಟಕ ವಿದ್ಯುತ್ ಚಾಲಿತ ಬೈಕ್ ಟ್ಯಾಕ್ಸಿಗೆ ಯೋಜನೆಯೊಂದನ್ನು ತಂದಿತು. ಒಂದು ಪ್ರಯಾಣ 10 ಕಿಲೋಮೀಟರ್ ಮೀರಬಾರದೆಂಬುದು ಷರತ್ತು. ಬಿಳಿ ಬೋರ್ಡಿನ ಪೆಟ್ರೋಲ್ ಬೈಕುಗಳು ಆ್ಯಪ್‌ಗಳಲ್ಲಿ ಓಡುತ್ತಲೇ ಇದ್ದವು, ಆಟೊ ಚಾಲಕರೊಂದಿಗೆ ಘರ್ಷಣೆ ಹೆಚ್ಚಿತು, ಮಹಿಳೆಯರ ಸುರಕ್ಷತೆಯ ಪ್ರಶ್ನೆ ಬಂತು. 2024ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಹಿಂದಕ್ಕೆ ಪಡೆಯಿತು. ನಿಯಮ ರೂಪಿಸುವವರೆಗೆ ಈ ಸೇವೆ ನಡೆಯುವಂತಿಲ್ಲ ಎಂದು ಹೈಕೋರ್ಟಿನ ಏಕಸದಸ್ಯ ಪೀಠ 2025ರ ಏಪ್ರಿಲ್‌ನಲ್ಲಿ ಹೇಳಿತು. ಜೂನ್ 16ರಿಂದ ಬೈಕುಗಳು ನಿಂತವು. ವಿಷಯ ವಿಭಾಗೀಯ ಪೀಠಕ್ಕೂ ಹೋಯಿತು. 2021ರ ಯೋಜನೆ ಪರವಾನಗಿ ಕೊಡುವ ಯೋಜನೆಯಾಗಿತ್ತೇ ಹೊರತು ಪ್ರಶ್ನೆ ಕೇಳುವ ಪ್ರಯೋಗವಾಗಿರಲಿಲ್ಲ. ಅಪಘಾತದ ಪ್ರಮಾಣ ಎಷ್ಟು, ಆಟೊದವರ ದಿನದ ದುಡಿಮೆಗೆ ಬಿದ್ದ ಪೆಟ್ಟೆಷ್ಟು, ರಾತ್ರಿ ಹೊತ್ತು ಮಹಿಳೆಯರು ಎಷ್ಟು ಬಳಸಿದರು ಎಂದು ಒಂದು ನಗರದಲ್ಲಿ ಒಂದು ವರ್ಷ ಅಳೆದಿದ್ದರೆ ನ್ಯಾಯಾಲಯದ ಮುಂದೆ ಇಡಲು ಎರಡೂ ಕಡೆಯವರಿಗೆ ಅಂಕಿಗಳಾದರೂ ಇರುತ್ತಿದ್ದವು.

ತನ್ನದೇ ಕಚೇರಿಗಳ ನಿಯಮವನ್ನು ಮೊದಲು ಚಿಕ್ಕ ಜಾಗದಲ್ಲಿ ನಡೆಸಿನೋಡುವ ಅಭ್ಯಾಸ ಕರ್ನಾಟಕಕ್ಕೆ ಹೊಸದಲ್ಲ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡುವ ಸಕಾಲ ಯೋಜನೆ 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಬರುವ ಮುನ್ನ ಮಾರ್ಚ್ 1ರಿಂದ ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲ್ಲೂಕುಗಳಲ್ಲಿ ಪರೀಕ್ಷೆಗೆ ಒಳಗಾಗಿತ್ತು. ಅಲ್ಲಿ ಸರ್ಕಾರ ಗಡುವು ಹಾಕಿದ್ದು ತನಗೇ.

ಭದ್ರಾವತಿ ಮತ್ತು ಕೊಳೆರೋಗ: ಹಳೆಯ ಮಾದರಿಗಳು

ಇಂದಿನ ಸರ್ಕಾರ ಖಾಸಗಿಯವರು ಪ್ರಯೋಗ ಮಾಡಲೆಂದು ನಿಯಮ ಸಡಿಲಿಸುತ್ತದೆ. ನೂರು ವರ್ಷದ ಹಿಂದಿನ ಮೈಸೂರು ಸರ್ಕಾರ ಪ್ರಯೋಗವನ್ನು ತಾನೇ ಮಾಡುತ್ತಿತ್ತು. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಬಂಡವಾಳ ಸರ್ಕಾರದ್ದು, ನಷ್ಟವೂ ಸರ್ಕಾರದ್ದು. ದಿವಾನಗಿರಿ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯ 1923ರಿಂದ 1929ರವರೆಗೆ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಸರಿದಾರಿಗೆ ತರಲು ದುಡಿದರು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲ, ಕಾಡು ಬೇಕಾದಷ್ಟಿದೆ ಎಂದು ಇದ್ದಿಲಿನಿಂದ ಅದಿರು ಕರಗಿಸುವ ಊದು ಕುಲುಮೆ ಕಟ್ಟಿದರು. ಕಟ್ಟಿಗೆ ಬಟ್ಟಿ ಇಳಿಸಿ ರಾಸಾಯನಿಕ ತೆಗೆಯುವ ಘಟಕವೂ ಜೊತೆಗಿತ್ತು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು, ಸುತ್ತಲ ಕಾಡುಗಳಿಂದ ಟ್ರಾಮ್ ಹಳಿಗಳ ಮೇಲೆ ಕಟ್ಟಿಗೆ ಬರುತ್ತಿತ್ತು. ಲೆಕ್ಕಪುಸ್ತಕದಲ್ಲಿ ಕಾರ್ಖಾನೆಯ ಲಾಭನಷ್ಟ ಸಿಗುತ್ತದೆ. ಕರಗಿದ ಕಾಡು ಆ ಲೆಕ್ಕಕ್ಕೆ ಸೇರಿದ್ದು ಕಟ್ಟಿಗೆಯ ಬೆಲೆಯಾಗಿ ಮಾತ್ರ. ಪ್ರಯೋಗದ ಖರ್ಚನ್ನು ಅದರಲ್ಲಿ ಪಾಲುಗಾರನಲ್ಲದ ಮೂರನೆಯವನು ಹೊರುವ ಸಮಸ್ಯೆ ಸ್ಯಾಂಡ್‌ಬಾಕ್ಸ್‌ಗಳಿಗೂ ಇದೆ, ಅದರ ಮಾತು ಮುಂದೆ ಬರುತ್ತದೆ. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಈ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಊರನ್ನೇ ಬೀದಿಗೆ ತಂದಿತು.

ಇನ್ನೊಂದು ಮಾದರಿ ಅಡಿಕೆ ತೋಟಗಳದ್ದು. ಮುಂಗಾರಿನಲ್ಲಿ ಎಳೆಗಾಯಿ ಉದುರಿಸುವ ಕೊಳೆರೋಗಕ್ಕೆ ಮಲೆನಾಡಿನವರು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಮೂಲ ಒಂದು ಶಿಲೀಂಧ್ರವೆಂದು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅದನ್ನು ತಡೆಯುತ್ತದೆ ಎಂದು ತೋಟಗಳಲ್ಲೇ ತೋರಿಸಿಕೊಟ್ಟರು. 1910ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಪರೀಕ್ಷೆ ನಡೆದದ್ದು ರೋಗ ಇದ್ದ ಕಡೆ, ರೋಗ ಬರುವ ಮಳೆಯಲ್ಲೇ. ಫಲಿತಾಂಶ ಅಚ್ಚಾಗಿ ಎಲ್ಲರ ಕೈಗೂ ಸಿಕ್ಕಿತು. ಇಂದಿಗೂ ಜೂನ್ ಬಂದರೆ ಔಷಧಿ ಹೊಡೆಯುವುದು ಎಂದರೆ ಬೋರ್ಡೋ ಎಂದೇ ಅರ್ಥ.

ಡ್ರೋನ್: ಗೌರಿಬಿದನೂರಿನಿಂದ ಅಡಿಕೆ ತೋಟಕ್ಕೆ

ಡ್ರೋನ್ ವಿಷಯದಲ್ಲಿ ಭಾರತದ ನಿಯಮ ಹತ್ತು ವರ್ಷಗಳೊಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಯಿತು. 2014ರ ಅಕ್ಟೋಬರಿನಲ್ಲಿ ನಾಗರಿಕ ಬಳಕೆಗೆ ತಡೆ ಬಿತ್ತು. 2018ರ ಡಿಸೆಂಬರಿನಲ್ಲಿ ಷರತ್ತಿನ ಅನುಮತಿ ಬಂತು. 2021ರ ಮಾರ್ಚಿನಲ್ಲಿ ಬಂದ ಬಿಗಿ ನಿಯಮಗಳನ್ನು ಅದೇ ವರ್ಷದ ಆಗಸ್ಟ್ 25ರ ಡ್ರೋನ್ ನಿಯಮಗಳು ಬದಿಗೊತ್ತಿದವು. ನಡುವೆ, ಹಾರಿಸುವವನ ಕಣ್ಣಿಗೆ ಕಾಣದಷ್ಟು ದೂರ ಹೋಗುವ ಹಾರಾಟವನ್ನು ಪರೀಕ್ಷಿಸಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇಪ್ಪತ್ತು ಒಕ್ಕೂಟಗಳಿಗೆ ಅನುಮತಿ ಕೊಟ್ಟಿತು. ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ನೇತೃತ್ವದ ಒಕ್ಕೂಟ 2021ರ ಜೂನಿನಲ್ಲಿ ಗೌರಿಬಿದನೂರಿನ ಬಯಲಿನ ಮೇಲೆ ಔಷಧ ಸಾಗಣೆಯ ಹಾರಾಟ ಆರಂಭಿಸಿತು. ಕನಿಷ್ಠ 100 ಗಂಟೆ ಹಾರಾಟದ ದಾಖಲೆ ಬೇಕಿತ್ತು. ಅಂಥದೇ ಇನ್ನೊಂದು ಪ್ರಯೋಗ ಅದೇ ಸೆಪ್ಟೆಂಬರಿನಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿ ಶುರುವಾಯಿತು. ಗೌರಿಬಿದನೂರಿನ ಹಾರಾಟ ಆರಂಭವಾಗಿ ಎರಡು ತಿಂಗಳಿಗೇ ಹೊಸ ನಿಯಮ ಬಂದದ್ದನ್ನು ನೋಡಿದರೆ, ಪ್ರಯೋಗ ನಿಯಮವನ್ನು ರೂಪಿಸಿತೋ ನಿಯಮ ಪ್ರಯೋಗವನ್ನು ಹಿಂದೆ ಹಾಕಿತೋ ಎಂದು ಕೇಳಬಹುದು.

ಕೃಷಿ ಡ್ರೋನಿನ ದಾರಿ ಬೇರೆ. ಕೀಟನಾಶಕವೊಂದು ಕೈಪಂಪಿನಲ್ಲಿ ಬಳಕೆಗೆ ನೋಂದಣಿಯಾಗಿದ್ದರೆ ಡ್ರೋನಿನಲ್ಲಿಯೂ ಬಳಸಬಹುದು ಎಂದಾಗುವುದಿಲ್ಲ. ಹನಿಯ ಗಾತ್ರ, ದ್ರಾವಣದ ಸಾಂದ್ರತೆ, ಗಾಳಿಯಲ್ಲಿ ತೇಲುವ ದೂರ ಎಲ್ಲವೂ ಬೇರೆಯಾಗುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಪರೀಕ್ಷೆ ಎಂದರೆ ವರ್ಷಗಳ ಕೆಲಸ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪರಣೆಯ ಕಾರ್ಯವಿಧಾನ ಪ್ರಕಟಿಸಿತು. 2022ರ ಏಪ್ರಿಲ್‌ನಲ್ಲಿ, ಈಗಾಗಲೇ ನೋಂದಣಿಯಾಗಿದ್ದ 477 ಕೀಟನಾಶಕಗಳಿಗೆ ಎರಡು ವರ್ಷಗಳ ಮಧ್ಯಂತರ ಅನುಮತಿ ಸಿಕ್ಕಿತು. ಮುಂದುವರಿಸಬಯಸುವ ಕಂಪನಿಗಳು ಆ ಅವಧಿಯೊಳಗೆ ಪರೀಕ್ಷಾ ಮಾಹಿತಿ ಒದಗಿಸಿ ನೋಂದಾಯಿಸಿಕೊಳ್ಳಬೇಕಿತ್ತು. ಹೆಸರಿಲ್ಲದಿದ್ದರೂ ಇದು ಸ್ಯಾಂಡ್‌ಬಾಕ್ಸ್‌ನ ತರ್ಕವೇ. ಆದರೆ ಇಲ್ಲಿ ಜಾಗದ ಮಿತಿ ಇರಲಿಲ್ಲ. ಅಂಗಳ ಇಡೀ ದೇಶ.

ಶಿವಮೊಗ್ಗ ಜಿಲ್ಲೆಗೆ ಇದು ಬೇರೆಯವರ ಸುದ್ದಿಯಲ್ಲ. ಅಡಿಕೆ ಇಲ್ಲಿನ ಆರ್ಥಿಕತೆಯ ಬೆನ್ನೆಲುಬು; ನಗರದ ಮ್ಯಾಮ್‌ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಸ್ವಾತಂತ್ರ್ಯಪೂರ್ವದ್ದು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು ನೆಲದ ಮೇಲೆ ನಿಂತೇ ಗೊನೆ ಮುಟ್ಟುವ ಫೈಬರ್ ದೋಟಿ. ಅದಕ್ಕೆ ಅಡ್ಡವಾದ ನಿಯಮ ಯಾವುದೂ ಇರಲಿಲ್ಲ, ಯಾವ ಸ್ಯಾಂಡ್‌ಬಾಕ್ಸೂ ಬೇಕಾಗಲಿಲ್ಲ. ಹೊಸತೆಲ್ಲ ಕಾನೂನಿನ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿದೆ ಎಂದು ಹೇಳುವವರು ದೋಟಿಯನ್ನು ನೋಡಬೇಕು. ಡ್ರೋನಿನ ಮಾತು ಹಾಗಲ್ಲ.

ನಗರ ಮತ್ತು ಭದ್ರಾವತಿಯ ನಡುವೆ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕ ವಿಮಾನ ಬಂತು. ಡ್ರೋನ್ ನಿಯಮಗಳ ಪ್ರಕಾರ ಕಾರ್ಯನಿರತ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ನೆಲಮಟ್ಟದಿಂದಲೇ ಹಾರಾಟಕ್ಕೆ ಅನುಮತಿ ಬೇಕು. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯ ಮೇಲಿನ ಆಕಾಶ ಹಳದಿ ವಲಯ. ಹಳದಿಯಲ್ಲಿ ಹಾರಿಸಲು ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು. ಅಡಿಕೆ ಮರದ ತಲೆಯ ಮೇಲೆ ಹಾರುವ ಡ್ರೋನ್ 200 ಅಡಿ ಮುಟ್ಟುವುದಿಲ್ಲ, ಆದರೂ ಸೋಗಾನೆಗೆ ಹತ್ತಿರದ ತೋಟದವನು ಒಳವಲಯದೊಳಗೆ ಬೀಳುತ್ತಾನೆ. ಮಳೆ ಬಿಡುವು ಕೊಟ್ಟ ಎರಡು ಗಂಟೆಯಲ್ಲಿ ಔಷಧಿ ಹೊಡೆದು ಮುಗಿಸಬೇಕಾದ ಕೆಲಸಕ್ಕೆ ಅನುಮತಿ ಕಾಯುವುದು ಕೂಡಿಬರುವ ಮಾತಲ್ಲ. ದಿನಕ್ಕೆ ಕೆಲವೇ ವಿಮಾನಗಳು ಬರುವ ನಿಲ್ದಾಣದ ಸುತ್ತ, ವಿಮಾನವಿಲ್ಲದ ಹೊತ್ತಿನಲ್ಲಿ, ಮರದ ಎತ್ತರಕ್ಕಿಂತ ಸ್ವಲ್ಪವೇ ಮೇಲೆ ಹಾರುವ ಸಿಂಪರಣೆ ಡ್ರೋನಿಗೆ ಸರಳ ಅನುಮತಿ ಸಾಕೇ ಎಂಬುದು ಒಂದು ಮಳೆಗಾಲದಲ್ಲಿ ಪರೀಕ್ಷಿಸಬಹುದಾದ ಪ್ರಶ್ನೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಅಳತೆಗೋಲು ಹಿಡಿಯಲು ಹತ್ತಿರದಲ್ಲೇ ಇದೆ. ಆದರೆ ಕೃಷಿ ರಾಜ್ಯದ ವಿಷಯ, 1968ರ ಕೀಟನಾಶಕ ಕಾಯ್ದೆ ಕೇಂದ್ರದ್ದು, ಆಕಾಶವೂ ಕೇಂದ್ರದ್ದು. ಕರ್ನಾಟಕದ ನಾವೀನ್ಯತಾ ಪ್ರಾಧಿಕಾರ ತಾನೊಂದೇ ಈ ಅನುಮತಿ ಕೊಡಲಾರದು.

ಕಾಸರಗೋಡಿನ ನೆನಪು ಮತ್ತು ಹೊಣೆಯ ಪ್ರಶ್ನೆ

ಆಕಾಶದಿಂದ ಔಷಧಿ ಹೊಡೆಯುವ ಮಾತು ಬಂದಾಗ ಕನ್ನಡ ನಾಡಿನ ಅಂಚಿನಲ್ಲೇ ನಡೆದದ್ದನ್ನು ಮರೆಯುವಂತಿಲ್ಲ. ಕೇರಳದ ತೋಟ ನಿಗಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಂಥ ಕನ್ನಡ, ತುಳು ಮಾತಾಡುವ ಊರುಗಳು ಅದರ ಕೆಳಗೆ ಇದ್ದವು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಲೂ ಅದೇ ವಿಷ ಬಿತ್ತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಸಿಂಪರಣೆಯ ಉದ್ದಕ್ಕೂ ಅದು ಯಾರ ಕಣ್ಣಿಗೂ ಪ್ರಯೋಗವಾಗಿ ಕಾಣಲಿಲ್ಲ. ಕಾಲಮಿತಿ ಇರಲಿಲ್ಲ, ಅಳತೆ ಇರಲಿಲ್ಲ, ನಿಲ್ಲಿಸುವ ಷರತ್ತೂ ಇರಲಿಲ್ಲ. ಸ್ಯಾಂಡ್‌ಬಾಕ್ಸ್ ವಿರೋಧಿಗಳು ಕಾಸರಗೋಡನ್ನು ತೋರಿಸಿ ಸಡಿಲಿಕೆಯೇ ಬೇಡ ಎನ್ನಬಹುದು. ಅದೇ ಉದಾಹರಣೆ ಚಿಕ್ಕದಾಗಿ ಪರೀಕ್ಷಿಸದೆ ದೊಡ್ಡದಾಗಿ ಆರಂಭಿಸುವುದರ ವಿರುದ್ಧದ ಸಾಕ್ಷಿಯೂ ಹೌದು.

ಹೊಣೆಗಾರಿಕೆಯಲ್ಲಿ ಸ್ಯಾಂಡ್‌ಬಾಕ್ಸ್‌ಗಿಂತ ಹಳೆಯ, ಹೆಚ್ಚು ಪಳಗಿದ ವ್ಯವಸ್ಥೆ ಔಷಧಗಳ ಕ್ಲಿನಿಕಲ್ ಪರೀಕ್ಷೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷಾ ನಿಯಮಗಳು ನೈತಿಕ ಸಮಿತಿಯ ಒಪ್ಪಿಗೆ, ಪಾಲ್ಗೊಳ್ಳುವವನ ಸಮ್ಮತಿ, ಹಾನಿಗೆ ಪರಿಹಾರ ಮೂರನ್ನೂ ಕಡ್ಡಾಯ ಮಾಡಿವೆ. ಶಿವಮೊಗ್ಗ ಜಿಲ್ಲೆಗೆ ಇದರ ಅರ್ಥ ಚೆನ್ನಾಗಿ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ 1990ರಿಂದ ಬಳಕೆಯಲ್ಲಿದ್ದ ಲಸಿಕೆಯ ದಕ್ಷತೆ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಲಾಯಿತು. ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ಹೊಸ ಲಸಿಕೆಯ ಕೆಲಸ ಆರಂಭವಾಗಿ, ಅದು ಈ ಎಲ್ಲ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕಾಗಿದೆ. ಕಾಡಂಚಿನ ಊರುಗಳಿಗೆ ಇದು ತಡವೆನಿಸುವುದು ಸಹಜ, ಆದರೂ ಮೆಟ್ಟಿಲು ಬಿಟ್ಟು ಹಾರಿ ಎಂದು ಯಾರೂ ಕೇಳಿಲ್ಲ.

ರಿಸರ್ವ್ ಬ್ಯಾಂಕಿನ ಚೌಕಟ್ಟು ಕ್ಲಿನಿಕಲ್ ಪರೀಕ್ಷೆಯ ಈ ನೀತಿಗೆ ಹತ್ತಿರ ಬರುತ್ತದೆ. ಸ್ಯಾಂಡ್‌ಬಾಕ್ಸ್‌ನೊಳಗೆ ಬಂದ ಮಾತ್ರಕ್ಕೆ ಗ್ರಾಹಕರ ಬಗ್ಗೆ ಕಂಪನಿಗಿರುವ ಹೊಣೆ ಕಡಿಮೆಯಾಗುವುದಿಲ್ಲ, ಅಪಾಯವನ್ನು ಅವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ರಿಸರ್ವ್ ಬ್ಯಾಂಕು ತಾನು ಹೊಣೆ ಹೊರುವುದಿಲ್ಲ ಎಂದು ಅದು ಹೇಳುತ್ತದೆ. ಹಣಕಾಸಿನಲ್ಲಿ ಇದು ಸಾಕಾಗಬಹುದು, ಏಕೆಂದರೆ ನಷ್ಟ ಆಗುವುದು ಬಹುಪಾಲು ಗ್ರಾಹಕನಿಗೇ. ತೋಟದಲ್ಲಿ ಗ್ರಾಹಕ ಡ್ರೋನ್ ಕರೆಸಿದವನು. ತುಂತುರು ಬೀಳುವುದು ಪಕ್ಕದವನ ಬಾವಿಗೆ, ಜೇನುಪೆಟ್ಟಿಗೆಗೆ, ಕೆರೆಗೆ. ಡ್ರೋನ್ ನಿಯಮಗಳು ಮೂರನೆಯವರ ವಿಮೆಯನ್ನು ಮೋಟಾರು ವಾಹನಗಳ ಮಾದರಿಯಲ್ಲಿ ವಿಧಿಸಿವೆ. ಅದು ಡ್ರೋನ್ ತಲೆಯ ಮೇಲೆ ಬಿದ್ದರೆ, ಮಾಡಿಗೆ ಬಡಿದರೆ ನೆರವಿಗೆ ಬರುತ್ತದೆ. ವರ್ಷಾನುಗಟ್ಟಲೆ ಕಾದು ಕಾಣಿಸಿಕೊಳ್ಳುವ ಹಾನಿಯನ್ನು ಅಪಘಾತದ ವಿಮೆ ಅಳೆಯಲಾರದು. ಅದನ್ನು ಪರೀಕ್ಷೆಯ ವಿನ್ಯಾಸದಲ್ಲೇ, ಸಿಂಪರಣೆಗೆ ಮುನ್ನ ಮತ್ತು ನಂತರ ಪಕ್ಕದ ಬಾವಿಯ ನೀರನ್ನು ತೆಗೆದು ನೋಡುವ ಷರತ್ತಾಗಿ ಬರೆಯಬೇಕಾಗುತ್ತದೆ. ಆ ನೀರಿನ ಪರೀಕ್ಷೆಯ ಖರ್ಚು ಕಂಪನಿಯದೋ, ರೈತನದೋ, ಸರ್ಕಾರದ್ದೋ ಎಂಬುದೂ ಅನುಮತಿ ಪತ್ರದಲ್ಲೇ ಸೇರಬೇಕಾದ ಸಾಲು.